ಒಂಟಿ ಅಂಕಿ

ನನ್ನ ಅಂಕಿಗೆ ತಂದೆಯೂ ಇಲ್ಲ, ತಾಯಿಯೂ ಇಲ್ಲ. ನನಗೆ ಇಬ್ಬರೂ ಇದ್ದರು, ಮುದ್ದಾಗಿಯೇ ಸಾಕಿದರು, ಅದು ಬೇರೆ ಮಾತು. ಆದರೆ ನಮ್ಮ ಕಡೆ ಮನುಷ್ಯರ ಮಾತಿಗಿಂತ ಅಂಕಿಯ ಮಾತಿಗೆ ಬೆಲೆ ಹೆಚ್ಚಾಗಿ ಬಹಳ ವರ್ಷಗಳಾದವು. ಬಾದಾಮಿಯ ಕೆಂಪು ಬಂಡೆಗಳ ಮಗ್ಗುಲಲ್ಲಿ ಅಂಕಿಕೊಳ ಕಟ್ಟಿದ್ದೇ ಅದಕ್ಕೆಲ್ಲ ಕಾರಣ. ಆ ಕೊಳ ನೋಡಿಕೊಳ್ಳುವವಳು ನಾನೇ. ಹಾಗಾಗಿ ಯಾರನ್ನು ಬಯ್ಯಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಹುಟ್ಟಿದ ಪ್ರತಿ ಕೂಸಿಗೂ ಒಂದು ಅಂಕಿ ಕೊಡುತ್ತಾರೆ. ಅಂಗೈ ಮೇಲೆ ಬರೆಯಲು ಹೊರಟರೆ ಮೊಣಕೈ ದಾಟುವಷ್ಟು ಉದ್ದದ್ದು. ತಾಲೂಕಿಗೊಂದು ಅಂಕಿಕಚೇರಿ ಇತ್ತು. ಬಾಣಂತಿಯರು ಕೂಸು ಎತ್ತಿಕೊಂಡು ಸಾಲಿನಲ್ಲಿ ನಿಲ್ಲುತ್ತಿದ್ದರು, ಒಳಗಿನ ಯಂತ್ರ ಗುರ್ರೆಂದು ಒಂದು ಅಂಕಿ ಕೊಡುತ್ತಿತ್ತು. ಬ್ಯಾಂಕಿನಿಂದ ಹಿಡಿದು ಮನೆಯ ಬಾಗಿಲಿನವರೆಗೆ ಎಲ್ಲಕ್ಕೂ ಬೀಗ ಅದೇ. ಯಂತ್ರ ಮಾಡುತ್ತಿದ್ದ ಕೆಲಸ ಸುಲಭದ್ದು: ಯಾವುದರಿಂದಲೂ ಭಾಗವಾಗದ ಎರಡು ಭಾರಿ ಅವಿಭಾಜ್ಯ ಸಂಖ್ಯೆಗಳನ್ನು ಆರಿಸಿ, ಗುಣಿಸಿ, ಉತ್ತರ ಕೊಡುವುದು. ಉತ್ತರ ನೋಡಿ ಆ ಎರಡು ಯಾವುವೆಂದು ಹೇಳುವುದು ಮಾತ್ರ ಯಾರಿಂದಲೂ ಆಗುತ್ತಿರಲಿಲ್ಲ. ಹಾಲಿಗೆ ನೀರು ಬೆರೆಸುವುದು ಎಮ್ಮೆ ಸಾಕಿದ ಎಲ್ಲರಿಗೂ ಬರುತ್ತದೆ, ಬೆರೆತದ್ದನ್ನು ಬೇರೆ ಮಾಡು ಎಂದರೆ ಯಾರು ಮಾಡುತ್ತಾರೆ?

ಕೊಳ ಮಾಡಿತು. ಕೊಳವೆಂದರೆ ಈಜುವ ಕೊಳವಲ್ಲ. ದೊಡ್ಡ ಮನೆಯ ಪಡಸಾಲೆಯಷ್ಟು ಅಗಲದ ಕರಿಕಲ್ಲಿನ ತಟ್ಟೆ, ಅದರ ಮೇಲೆ ಉಗುರು ಮುಳುಗುವಷ್ಟು ನೀರು. ಕಲ್ಲಿನ ಅಡಿಯಲ್ಲಿ ನೀರನ್ನು ನಡುಗಿಸುವ, ಕಣ್ಣಿಗೆ ಕಾಣದಷ್ಟು ಸಣ್ಣ ಕಂಪಕಗಳು ಲೆಕ್ಕವಿಲ್ಲದಷ್ಟು ಇವೆ. ಒಂದು ಅಂಕಿಯನ್ನು ಕೊಳಕ್ಕೆ ಬಿಟ್ಟರೆ ಅದರ ಅಲೆ ಏಳುತ್ತದೆ. ಅದನ್ನು ಭಾಗಿಸಬಹುದಾದ ಸಂಖ್ಯೆಗಳ ಅಲೆಗಳೂ ಎಲ್ಲ ಒಟ್ಟಿಗೇ ಏಳುತ್ತವೆ. ನಾವು ಒಂದೊಂದಾಗಿ ಭಾಗಿಸುತ್ತ ಕೂತರೆ ಸೂರ್ಯ ಆರಿಹೋದರೂ ಲೆಕ್ಕ ಮುಗಿಯುವುದಿಲ್ಲ, ನೀರು ಎಲ್ಲವನ್ನೂ ಒಂದೇ ಸಲಕ್ಕೆ ನೋಡುತ್ತದೆ. ಶೇಷ ಉಳಿಸುವ ಅಲೆಗಳು ಒಂದನ್ನೊಂದು ಕಲಕುತ್ತ ನಡುಗುತ್ತಲೇ ಇರುತ್ತವೆ. ಶೇಷವಿಲ್ಲದೆ ಭಾಗವಾದ ಕಡೆ ನೀರು ತಟ್ಟನೆ ನಿಂತುಬಿಡುತ್ತದೆ. ನಡುಗುವ ನೀಲಿ ನೀರಿನಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು, ಎರಡು ಬಳೆ ಮೂಡುತ್ತವೆ. ನಿಯಂತ್ರಣ ಕೋಣೆಯ ಗಾಜಿನ ಹಿಂದೆ ಕೂತು ಆ ಬಳೆಗಳನ್ನು ಅಂಕಿಗೆ ತಿರುಗಿಸಿ ಓದುವುದು ನನ್ನ ಕೆಲಸ. ಎಷ್ಟು ವರ್ಷ ನೋಡಿದರೂ ಆ ನೀರು ನಿಲ್ಲುವ ಗಳಿಗೆಯಲ್ಲಿ ನನಗೆ ಉಸಿರಾಡುವುದು ಮರೆತುಹೋಗುತ್ತದೆ.

ಕೊಳ ಬಂದ ಮೇಲೆ ಬೀಗಗಳೆಲ್ಲ ಕೆಲಸಕ್ಕೆ ಬಾರದಾದವು. ಬೀಗಕ್ಕೆ ಬೇರೆ ದಾರಿ ಹುಡುಕಿಕೊಂಡರು. ಅಂಕಿ ಮಾತ್ರ ಜನರ ಕೈಯಲ್ಲೇ ಉಳಿಯಿತು, ಅದನ್ನೇನು ಮಾಡಬೇಕೆಂದು ಜನರೇ ಯೋಚನೆ ಮಾಡಿದರು. ದೊಡ್ಡ ಬಳೆಗೆ ತಂದೆ ತುಂಡು ಎಂದರು, ಚಿಕ್ಕದಕ್ಕೆ ತಾಯಿ ತುಂಡು ಎಂದರು. ಆಮೇಲೆ ಎಲ್ಲೋ ಹುಟ್ಟಿದ ಇಬ್ಬರ ಅಂಕಿಗಳಲ್ಲಿ ಒಂದೇ ತುಂಡು ಕಾಣಿಸಿಕೊಂಡಿತು. ಹಾಗಾಗುವ ಸಂಭವ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಆದರೂ ಕಾಣಿಸಿತು. ಅವರ ಅಂಕಿ ದಿನ, ಅಂದರೆ ಅಂಕಿ ಪಡೆದ ದಿನ, ಅದೂ ಒಂದೇ! ಜನ ಕೈ ಮುಗಿದರು. ನಮ್ಮಲ್ಲಿ ಬೆಡಗು ಅಂತ ಮೊದಲಿನಿಂದಲೂ ಇದೆಯಲ್ಲ, ಒಂದೇ ಬೆಡಗಿನವರು ಅಣ್ಣ-ತಂಗಿಯರು, ಮದುವೆಯಾಗುವಂತಿಲ್ಲ. ಅದನ್ನೇ ತಂದು ಅಂಕಿಗೆ ಅಂಟಿಸಿದರು. ನಿಶ್ಚಯಕ್ಕೆ ಮುಂಚೆ ಎರಡೂ ಕಡೆಯವರು ಕೊಳಕ್ಕೆ ಬಂದು ಅಂಕಿ ಬಿಡುವುದು ಎಲೆ-ಅಡಿಕೆ ಇಡುವಷ್ಟೇ ಮಾಮೂಲಾಯಿತು.

ನನ್ನ ಅಂಕಿ ಬಿಟ್ಟ ದಿನ ನೀರು ನಿಲ್ಲಲೇ ಇಲ್ಲ. ನಡುಗಿತು, ನಡುಗುತ್ತಲೇ ಇತ್ತು. ಬಳೆ ಮೂಡಲಿಲ್ಲ. ಕೊಳದ ಅಧಿಕಾರಿಗಳು ನೋಡಿ, "ಇದೇ ಒಂದು ಅವಿಭಾಜ್ಯ ಸಂಖ್ಯೆ, ಎಲ್ಲೋ ಲಕ್ಷಕ್ಕೊಂದು ಹೀಗೂ ಬಂದುಬಿಡುತ್ತದೆ" ಎಂದು ಷರಾ ಬರೆದು ಮುಗಿಸಿದರು. ಅದು ಉಳಿದವರ ಅಂಕಿಗಿಂತ ಗಿಡ್ಡವೂ ಆಗಿತ್ತು. ಉದ್ದ-ಗಿಡ್ಡ ಇದ್ದದ್ದೇ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಊರವರು ಅದಕ್ಕೆ ಒಂಟಿ ಅಂಕಿ ಎಂದು ಹೆಸರಿಟ್ಟರು. ತಂದೆ ತುಂಡಿಲ್ಲ, ತಾಯಿ ತುಂಡಿಲ್ಲ, ಬೆಡಗಿಲ್ಲ. ಬೆಡಗಿಲ್ಲದವಳನ್ನು ಯಾವ ಮನೆಗೆ ತರುವುದು? ನೋಡಲು ಬಂದ ಗಂಡುಗಳೆಲ್ಲ ಉಪ್ಪಿಟ್ಟು ತಿಂದು ಹೋದರು. ನಾನು ಗಣಿತ ಓದಿ, ಅದೇ ಕೊಳದ ಕೆಲಸಕ್ಕೆ ಸೇರಿ, ಮೂವತ್ತು ದಾಟಿ, ನಲವತ್ತರ ಹತ್ತಿರ ಬಂದೆ. ಬೇಜಾರೇನೂ ಇರಲಿಲ್ಲ ಎಂದು ಹೇಳಿಕೊಂಡು ಓಡಾಡುತ್ತಿದ್ದೆ. ಸುಳ್ಳು.

ನಾನಿರುವುದು ನಿಂಬೆವ್ವನ ಮನೆಯಲ್ಲಿ, ಮುಂದಿನ ಕೋಣೆ ನನ್ನದು. ನಿಂಬೆವ್ವನಿಗೆ ಗಂಡ ತೀರಿಕೊಂಡಿದ್ದಾನೆ, ಮಕ್ಕಳಿಲ್ಲ, ಅವ್ವ ಹೋದ ಮೇಲೆ ತವರು ಎಂಬುದೂ ಇಲ್ಲ. ಆಕೆಯ ಅಂಕಿಯಲ್ಲಿ ಒಬ್ಬ ತಮ್ಮ ಸಿಕ್ಕ: ಕೆರೂರಿನ ಬಾಳಪ್ಪ. ಇಬ್ಬರದೂ ತಾಯಿ ತುಂಡು ಒಂದೇ. ಅಂದಿನಿಂದ ಪ್ರತಿ ನಾಗರಪಂಚಮಿಗೂ ಬಾಳಪ್ಪ ಬಂದು ಅಕ್ಕನನ್ನು ತವರಿಗೆ ಕರೆದೊಯ್ಯುತ್ತಾನೆ. ಆಕೆ ಹದಿನೈದು ದಿನ ಮೊದಲೇ ಚೀಲ ಕಟ್ಟಿ ಬಾಗಿಲ ಹಿಂದೆ ಇಟ್ಟಿರುತ್ತಾಳೆ. ಕೆರೂರಿಗೆ ಹೋಗಿ ಜೋಕಾಲಿ ಆಡಿ, ಶೇಂಗಾ ಉಂಡಿ ತಿಂದು, ಬಾಳಪ್ಪನ ಹೆಂಡತಿಯ ಜೊತೆ ಒಂದು ಸಣ್ಣ ಜಗಳವನ್ನೂ ಮಾಡಿಕೊಂಡು ಬರುತ್ತಾಳೆ. "ತವರಮನಿ ಅಂದ್ಮ್ಯಾಲ ಜಗಳ ಆಡಲಿಲ್ಲಂದ್ರ ಹೆಂಗ?" ಎನ್ನುತ್ತಾಳೆ. ಆ ಒಂದು ವಾರದ ಮಾತು ಆಕೆಗೆ ವರ್ಷವಿಡೀ ಸಾಕಾಗುತ್ತದೆ.

ಗುರುಪಾದ ಬಂದದ್ದು ಬಸ್ಸಿನಲ್ಲಿ. ಬಂದದ್ದೇನು, ಬಸ್ಸು ಓಡಿಸುವವನೇ ಅವನು. ಗುಳೇದಗುಡ್ಡದಿಂದ ಕೊಳಕ್ಕೆ ದಿನಾ ಜನರನ್ನು ತುಂಬಿಕೊಂಡು ಬರುತ್ತಾನೆ, ಅವರ ಅಂಕಿ ಬಿಡುವ ಕೆಲಸ ಮುಗಿಯುವವರೆಗೆ ಬೇವಿನ ಮರದ ಕೆಳಗೆ ಚಹಾ ಕುಡಿಯುತ್ತಾನೆ. ನಾನೂ ಅದೇ ಹೊತ್ತಿಗೆ ಹೊರಗೆ ಬರುತ್ತಿದ್ದೆ. ನಿಮ್ಮ ಅಂಕಿ ಯಾವತ್ತು ಬಿಟ್ಟಿರಿ ಎಂದು ಒಂದು ದಿನ ಕೇಳಿದೆ.

"ಬಿಟ್ಟೇ ಇಲ್ಲರಿ ಮೇಡಮ್ಮರ. ನನ್ನ ಬಸ್ಸಿನ ನಂಬರ್ ನೆನಪಿಟ್ಟರ ಸಾಕಾಗೈತಿ. ಅದನ್ನ ಒಡದು ನೋಡಿ ಏನ್ ಮಾಡೂದೈತಿ?"

"ನನ್ನದು ಒಡೆಯುವುದೇ ಇಲ್ಲ," ಎಂದೆ. ಹಾಗೆ ಯಾರ ಮುಂದೆಯೂ ನಾನಾಗಿ ಹೇಳಿದವಳಲ್ಲ.

ಅವನು ಅಯ್ಯೋ ಪಾಪ ಎನ್ನಲಿಲ್ಲ. ಲೋಟ ಕೆಳಗಿಟ್ಟು, "ಮತ್ತೇನೇನ್ ಆಗತೈತ್ರಿ ಅದಕ್ಕ?" ಎಂದು ಕೇಳಿದ. ನನ್ನ ಜನ್ಮದಲ್ಲಿ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ಏನಾಗುವುದಿಲ್ಲ ಎಂಬುದನ್ನೇ ಎಲ್ಲರೂ ಎಣಿಸುತ್ತಿದ್ದರು. ನಾನು ಮಣ್ಣಿನಲ್ಲಿ ಕಡ್ಡಿಯಿಂದ ಬರೆದು ತೋರಿಸಿದೆ. ಐದು ಒಂಟಿ, ಆದರೆ ಅದು ಒಂದೊಂದಲ ಒಂದಕ್ಕೆ ಎರಡೆರಡಲ ನಾಲ್ಕು ಕೂಡಿಸಿದಷ್ಟು. ಹದಿಮೂರೂ ಒಂಟಿ, ಅದು ನಾಲ್ಕು ಮತ್ತು ಒಂಬತ್ತು ಸೇರಿ ಆದದ್ದು. ನಾಲ್ಕರಿಂದ ಭಾಗಿಸಿದರೆ ಒಂದು ಉಳಿಯುವ ಯಾವ ಒಂಟಿ ಅಂಕಿಯಾದರೂ ಸರಿ, ಎಷ್ಟೇ ದೊಡ್ಡದಿರಲಿ, ಎರಡು ವರ್ಗಗಳನ್ನು ಕೂಡಿಸಿ ಅದನ್ನು ಕಟ್ಟಬಹುದು. ಅದೂ ಒಂದೇ ಒಂದು ಬಗೆಯಲ್ಲಿ, ಬೇರೆ ಜೋಡಿ ಹುಡುಕಿದರೂ ಸಿಗದು. ನನ್ನದು ಆ ಜಾತಿಯದು.

ಗುರುಪಾದ ಮಣ್ಣನ್ನೇ ನೋಡುತ್ತ ಕೂತಿದ್ದ. "ಅಂದ್ರ ಕಡಿಯಾಕ ಬರಂಗಿಲ್ಲ, ಕೂಡಿಸಾಕ ಬರತೈತಿ," ಎಂದ. "ಹಿಂಗ ಹೇಳ್ರಲ್ಲ ಮತ್ತ! ಇದರಾಗ ಅಳೂದು ಏನೈತಿ?"

ನಾನೇನೂ ಅಳುತ್ತಿರಲಿಲ್ಲ. ಅಥವಾ ಅಳುತ್ತಿದ್ದೆನೇನೋ, ಬೇವಿನ ಹೂವು ಕಣ್ಣಿಗೆ ಬೀಳುವ ಕಾಲ ಅದು. ಆಮೇಲಿನ ತಿಂಗಳುಗಳು ಹೇಗೆ ಹೋದವೋ ಗೊತ್ತಿಲ್ಲ. ಕೊಳದ ನೀಲಿ ಬೆಳಕು ಕಣ್ಣಲ್ಲಿಟ್ಟುಕೊಂಡೇ ಮನೆಗೆ ಬರುತ್ತಿದ್ದೆ, ಅನ್ನಕ್ಕೆ ಉಪ್ಪು ಹಾಕಲು ಮರೆಯುತ್ತಿದ್ದೆ. ನಿಂಬೆವ್ವ ನನ್ನ ತಟ್ಟೆ ನೋಡಿ, ಮುಖ ನೋಡಿ, "ಇದು ಬ್ಯಾರೆನ ಐತಿ ಶಾಕಾ," ಎಂದಳು. ಗುರುಪಾದನ ಮೊದಲ ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು, ಆ ಮದುವೆಯನ್ನು ಅವನು ಅಂಕಿ ಬಿಡದೆಯೇ ಮಾಡಿಕೊಂಡಿದ್ದ. ಒಂದು ದಿನ ಬಸ್ಸು ನಿಲ್ಲಿಸಿ ನೇರವಾಗಿ ಕೇಳಿದ, ನಾನು ನೇರವಾಗಿ ಹ್ಞೂಂ ಎಂದೆ.

ಅವನ ತಾಯಿ ಸಂಗವ್ವ ಹಳೆಯ ಕಾಲದವಳು, ಬಾಯಿ ಜೋರು. ಆಕೆ ಮೊದಲು ಬೇಡವೆಂದು ಆಮೇಲೆ ಒಪ್ಪಿದಳು, ಆದರೆ ಅಂಕಿ ಬಿಡದೆ ಮದುವೆಯಿಲ್ಲ ಎಂದಳು. ಗುರುಪಾದ ಗೊಣಗಿದ. ನಿಂಬೆವ್ವ ನಕ್ಕಳು. "ಊರಿಗೆ ಬಂದಾಕಿ ನೀರಿಗೆ ಬರದ ಇರತಾಳೇನು ಅಂತಾರ. ಬರಲೇಳು, ಅಂವನೂ ಬರಲಿ. ಹೆಂಗೂ ನಿನ್ನದು ಒಂಟಿ. ಅದರಾಗ ಯಾರ ತುಂಡು ಹೊಂದೂದೈತಿ?" ನಾನೂ ಹಾಗೆಯೇ ಅಂದುಕೊಂಡೆ. ಗಣಿತ ಓದಿದವಳು, ನಾಚಿಕೆಯಾಗಬೇಕು ನನಗೆ. ಒಡೆಯದ ಸಂಖ್ಯೆಯೊಳಗೆ ಬೇರೆ ಸಂಖ್ಯೆ ಇರುವುದಿಲ್ಲ, ನಿಜ. ಆದರೆ ಅದೇ ಹೋಗಿ ಬೇರೆ ಸಂಖ್ಯೆಯೊಳಗೆ ಇರಬಹುದಲ್ಲ?

ಶುಭದಿನ ನೋಡಿ ಬಂದರು. ಸಂಗವ್ವ ಕೊಳದ ಕಟ್ಟೆಯ ಮೇಲೆ ಕುಂಕುಮ ಇಟ್ಟಳು, ಕಾಯಿ ಒಡೆಯಲು ಹೋದವಳನ್ನು ತಡೆದೆ. ಗುರುಪಾದ ಮುಜುಗರದಿಂದ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ನಾನು ಗಾಜಿನ ಹಿಂದೆ ಕೂತು ಅವನ ಅಂಕಿಯನ್ನು ನೀರಿಗೆ ಬಿಟ್ಟೆ. ನೀರು ನೀಲಿಯಾಗಿ ಎದ್ದಿತು, ಹಣೆಗೆ ಹಣೆ ಹೊಡೆದುಕೊಂಡು ಅಲೆಗಳು ತಿರುಗಿದವು, ಆಮೇಲೆ ನಿಧಾನವಾಗಿ ದೊಡ್ಡ ಬಳೆ ಮೂಡಿತು. ಅದರ ಒಳಮಗ್ಗುಲಲ್ಲಿ ಚಿಕ್ಕದು ಮೂಡಿತು. ನಾನು ಓದತೊಡಗಿದೆ. ದೊಡ್ಡದು ಮುಗಿಯಿತು. ಚಿಕ್ಕದರ ಮೊದಲ ನಾಲ್ಕು ಅಂಕಿ ಓದಿ ನಿಲ್ಲಿಸಿದೆ. ಮುಂದಿನದನ್ನು ನೋಡದೆಯೇ ಹೇಳಬಲ್ಲವಳಾಗಿದ್ದೆ. ಶಾಲೆಯಲ್ಲಿ ಮಗ್ಗಿಗಿಂತ ಮುಂಚೆ ಬಾಯಿಪಾಠವಾದ ಅಂಕಿ ಅದು.

ನಾನೇ. ಇಡಿಯಾಗಿ, ಒಂದು ಕೂದಲೂ ಕೊಂಕದೆ, ಅವನ ಅಂಕಿಯೊಳಗೆ ತಾಯಿ ತುಂಡಾಗಿ ಕೂತಿದ್ದೆ.

ಮೊದಲು ಬಂದದ್ದು ಸಂತೋಷ, ಸುಳ್ಳೇಕೆ ಹೇಳಲಿ. ಎಲ್ಲೂ ಸೇರದ ಅಂಕಿ ಎಂದು ನನ್ನದನ್ನು ಕೊಳಕ್ಕೆ ಬಿಟ್ಟಂದಿನಿಂದ ಕೇಳಿದ್ದೆ. ಸೇರುವ ಜಾಗ ಇತ್ತು, ಅದು ಇವನೇ ಆಗಿದ್ದ. ನಗುತ್ತ ಎದ್ದು ಹೊರಗೆ ಬಂದೆ, ತುಂಡೂ ಒಂದೇ, ಅಂಕಿ ದಿನವೂ ಒಂದೇ ಎಂದು ಬಾಯಿಬಿಟ್ಟು ಹೇಳಿಯೂಬಿಟ್ಟೆ. ಸಂಗವ್ವನ ಮುಖ ನೋಡಿದ ಮೇಲೇ ನನಗೆ ಊರಿನ ಪದ್ಧತಿ ನೆನಪಾದದ್ದು.

"ಒಂದ ತುಂಡು," ಎಂದಳು ಸಂಗವ್ವ. "ಅಂದ್ರ ಒಂದ ಬೆಡಗು. ಅಣ್ಣ-ತಂಗಿ ಆದ್ರಿ ನೀವು. ನಡಿ ಗುರುಪಾದ."

"ಯವ್ವಾ, ಸ್ವಲ್ಪ ತಡಿ..."

"ಏನ್ ತಡೀಲಿ? ಇಬ್ಬರದೂ ಅಂಕಿ ದಿನ ಯಾವುದು? ಒಂದ ವರ್ಷದ್ದು, ಕಾರಹುಣ್ಣಿವಿ ಮರುದಿನ, ಈಗಷ್ಟ ಈಕಿನ ಹೇಳಿದ್ಲಲ್ಲ. ದೇವರು ಎರಡೆರಡು ಸಲ ಮುದ್ರಿ ಒತ್ಯಾನ. ತಂದಿ-ತಾಯಿ ಇಲ್ಲದ ಅಂಕಿ ಬ್ಯಾಡ ಅಂತ ನಾ ಮೊದಲ ಅಂದಿದ್ದೆ, ನೀನ ಕೇಳಲಿಲ್ಲ."

ಬಸ್ಸು ಹೊರಟ ಸದ್ದು ಕೇಳಿತು. ಒಳಗೆ ಬಂದು ನೋಡಿದರೆ ಬಳೆಗಳು ಹಾಗೇ ನಿಂತಿದ್ದವು. ಅಳಿಸಲು ಮನಸ್ಸಾಗಲಿಲ್ಲ.

ಆ ವಾರವೆಲ್ಲ ನಾನು ಎಚ್ಚರದಲ್ಲಿದ್ದೆನೋ ನಿದ್ದೆಯಲ್ಲಿದ್ದೆನೋ ಹೇಳಲಾರೆ. ಕೊಳದ ಮುಂದೆ ಕೂತು ನನ್ನ ಅಂಕಿಯನ್ನು ಮತ್ತೆ ಮತ್ತೆ ನೀರಿಗೆ ಬಿಡುತ್ತಿದ್ದೆ. ನೀರು ನಡುಗುತ್ತಿತ್ತು. ನಡುಗುವ ನೀರನ್ನೇ ನೋಡುತ್ತ ಒಂದು ಮಧ್ಯಾಹ್ನ ತಟ್ಟನೆ ಹೊಳೆಯಿತು: ಉಳಿದವರ ಅಂಕಿಯೆಲ್ಲ ಎರಡು ತುಂಡಿನದು, ನನ್ನದು ಒಂದೇ ತುಂಡು. ಹಾಗಾದರೆ ನನ್ನದು ಗಿಡ್ಡ ಅಂಕಿಯಲ್ಲ, ಅರ್ಧ ಅಂಕಿ. ಯಂತ್ರ ಮೊದಲನೆಯದನ್ನು ಆರಿಸಿದೆ, ಎರಡನೆಯದನ್ನು ಆರಿಸುವಷ್ಟರಲ್ಲಿ ನಿಂತುಹೋಗಿದೆ. ಮತ್ತೆ ಶುರುವಾದಾಗ ಕೈಯಲ್ಲಿದ್ದ ಅರ್ಧವನ್ನೇ ನನಗೆ ಕೊಟ್ಟು ಕಳಿಸಿದೆ. ಆ ಅರ್ಧ ಅದರ ನೆನಪಿನಲ್ಲೇ ಉಳಿದಿತ್ತು, ಮುಂದಿನ ಕೂಸಿಗೂ ಅದನ್ನೇ ಹಿಡಿದು, ಇನ್ನೊಂದು ಹೊಸದರಿಂದ ಗುಣಿಸಿ ಕೊಟ್ಟಿದೆ. ಬೆಡಗಿನವರ ಅಂಕಿ ದಿನಗಳನ್ನೆಲ್ಲ ತೆರೆಯ ಮೇಲೆ ಸಾಲಾಗಿ ಹಾಕಿ ನೋಡಿದೆ. ಒಂದೇ ತುಂಡು ಹೊತ್ತವರೆಲ್ಲ ಒಂದೇ ಕಚೇರಿಯಲ್ಲಿ, ಒಂದೇ ದಿನ, ಒಬ್ಬರ ಹಿಂದೆ ಒಬ್ಬರು ನಿಂತವರು. ಅವರ ಸರದಿಯಲ್ಲಿ ಯಂತ್ರ ಎರಡೂ ತುಂಡು ಗುಣಿಸಿದ ಮೇಲೆ ನಿಂತಿರಬೇಕು, ಅದಕ್ಕೇ ಯಾರದೂ ಒಂಟಿಯಾಗಲಿಲ್ಲ, ನೆನಪಿನಲ್ಲಿದ್ದ ತುಂಡು ಮಾತ್ರ ಮುಂದಿನ ಕೂಸಿಗೂ ಹೋಯಿತು. ದೇವರ ಮುದ್ರೆಯಂತೆ! ಯಂತ್ರವನ್ನು ನಡುವೆ ನಿಲ್ಲಿಸಿದ್ದು ಏನು ಎಂಬುದೊಂದೇ ಉಳಿದಿತ್ತು.

ಮನೆಗೆ ಓಡಿ ಬಂದೆ. ನಿಂಬೆವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ನೀನು ಅಂಕಿ ಪಡೆದ ದಿನ ಏನಾದರೂ ಆಗಿತ್ತಾ ಎಂದು ಕೇಳಿದೆ.

"ಏನಾಗೂದೈತಿ? ನಾ ಕೂಸು. ಅಂಕಿ ಬರೋವಾಗ ಕರೆಂಟ್ ಹೋಗಿತ್ತಂತ, ಕತ್ತಲಾಗ ಕುಂತಿದ್ವಿ ಅಂತ ನಮ್ಮವ್ವ ಹೇಳತಿದ್ಲು. ಆವಾಗ ಕರೆಂಟ್ ಅನ್ನೂದು ಬಂದ್ರ ಬಂತು, ಇಲ್ಲಂದ್ರ ಇಲ್ಲ."

ನಾನು ಕುಣಿದೆ. ನಿಜವಾಗಿ ಕುಣಿದೆ. ಹಿಟ್ಟಿನ ಕೈ ಹಿಡಿದುಕೊಂಡು ಎಲ್ಲವನ್ನೂ ಹೇಳಿದೆ. ಬೆಡಗೂ ಇಲ್ಲ, ಗಿಡಗೂ ಇಲ್ಲ, ಬರೀ ಕರೆಂಟ್ ಹೋದದ್ದು. ಹೋಗಿ ಬಂದಾಗ ಸಾಲಿನಲ್ಲಿ ಯಾರಿದ್ದರೋ ಅವರಿಗೆ ಒಂದೇ ತುಂಡು ಬಂತು, ಅಷ್ಟೇ. ರಕ್ತವಿಲ್ಲ, ವಂಶವಿಲ್ಲ, ಯಾರೂ ಯಾರಿಗೂ ಏನೂ ಅಲ್ಲ.

ರೊಟ್ಟಿ ಹಂಚಿನ ಮೇಲೆ ಕರಕಾಗುತ್ತಿತ್ತು. ನಿಂಬೆವ್ವ ಅದನ್ನು ತಿರುವಲಿಲ್ಲ.

"ಅಂದ್ರ ಬಾಳಪ್ಪ ನನಗ ಏನೂ ಅಲ್ಲ," ಎಂದಳು.

ನಾನು ಹಿಡಿದಿದ್ದ ಆಕೆಯ ಕೈ ಬಿಟ್ಟೆ.

"ನನ್ನ ತಮ್ಮನ್ನ ಕಸಗೊಂಡು ನೀ ಗಂಡನ್ನ ತಗೋತೀಯೇನ ಶಾಕಾ?" ಜೋರಾಗಿ ಕೇಳಲಿಲ್ಲ. ಜೋರಾಗಿ ಕೇಳಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಹಿಟ್ಟು ಮುಚ್ಚಿಟ್ಟು ಒಳಗೆ ಹೋಗಿ ಮಲಗಿಬಿಟ್ಟಳು. ಬಾಗಿಲ ಹಿಂದೆ ಆಕೆಯ ಪಂಚಮಿಯ ಚೀಲ ಆಗಲೇ ಕಟ್ಟಿ ಇಟ್ಟಿತ್ತು.

ಕರಕಾದ ರೊಟ್ಟಿಯನ್ನು ನಾನೇ ಹಂಚಿನಿಂದ ಇಳಿಸಿದೆ. ಕೊಳದ ಬಾಗಿಲಲ್ಲಿ ಪ್ರತಿದಿನ ಬರುವ ಮುಖಗಳು ಕಣ್ಣಮುಂದೆ ಬಂದವು. ಯಾರೂ ಇಲ್ಲದ ಮುದುಕನೊಬ್ಬ ಬಳೆ ಮೂಡಿದ್ದು ನೋಡಿ, "ನನಗೂ ಒಬ್ಬಾಕಿ ತಂಗಿ ಅದಾಳ್ರೀ!" ಎಂದು ಸಿಕ್ಕವರಿಗೆಲ್ಲ ಸಕ್ಕರೆ ಹಂಚಿದ್ದ. ಅವರಿಗೆಲ್ಲ ಹೋಗಿ ನಿಮ್ಮದು ಕರೆಂಟಿನ ನೆಂಟಸ್ತನ ಎಂದು ಹೇಳಬೇಕೆ? ಅದೂ ಯಾತಕ್ಕೆ, ನನ್ನ ಕೊರಳಿಗೆ ತಾಳಿ ಬೀಳಲಿ ಎಂದು? ಮರುದಿನ ಬೇವಿನ ಮರದ ಕೆಳಗೆ ಗುರುಪಾದನಿಗೆ ಇಲ್ಲ ಎಂದೆ. ಕಾರಣ ಹೇಳು ಎಂದ, ಹೇಳಲಿಲ್ಲ. ಅವನು ಬಸ್ಸು ಹತ್ತಿ ಸ್ಟೀರಿಂಗ್ ಮೇಲೆ ಕೈಯಿಟ್ಟ. "ನಾ ಏನ್ ಕೇಳಂಗಿಲ್ಲರಿ ಮೇಡಮ್ಮರ. ಬಸ್ ಮಾತ್ರ ದಿನಾ ಬರತೈತಿ," ಎಂದ. ನಾನು ಚಹಾ ಕುಡಿಯಲು ಹೊರಗೆ ಹೋಗುವುದನ್ನು ಬಿಟ್ಟೆ.

ಮಾತಿಲ್ಲದ ಮನೆಯಲ್ಲಿ ಇಬ್ಬರು ಹೆಂಗಸರು ಇರುವುದು ಬಲು ಕಷ್ಟ. ನಿಂಬೆವ್ವ ರೊಟ್ಟಿ ಬಡಿಯುತ್ತಿದ್ದಳು, ಬಡಿಸುತ್ತಿದ್ದಳು, ಮುಖ ಎತ್ತುತ್ತಿರಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ನಾನು ತಲೆ ಬಾಚುತ್ತಿದ್ದಾಗ ಆಕೆ ಫೋನ್ ಹಿಡಿದುಕೊಂಡು ಬಂದು ನನ್ನ ಎದುರಿಗೇ ಕೂತಳು. ಬಾಳಪ್ಪನಿಗೆ ಹಚ್ಚಿದಳು. ನಾನು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು: ಯಂತ್ರ, ತುಂಡು, ಕರೆಂಟು. ಆ ಕಡೆಯ ಮಾತೂ ನನಗೆ ಕೇಳುತ್ತಿತ್ತು.

"ಹಂಗಾರ," ಎಂದ ಬಾಳಪ್ಪ. "ಹಂಗಾರ ಈ ಸಲ ಪಂಚಮಿಗೆ ಕರಿಯಾಕ ಬರೂದು ಬ್ಯಾಡೇನ್ ಅಕ್ಕಾ?"

ನಿಂಬೆವ್ವ ಬೆಂಕಿಯಾದಳು. "ಏ ಮೂಳ! ಬರದ ಇದ್ದಿ ಅಂದ್ರ ಕಾಲು ಮುರೀತೀನಿ ನೋಡು! ನಾನೇನು ನಿನ್ನ ಅಂಕಿ ನೋಡಿ ಉಂಡಿ ಕಟ್ಟತೀನೇನು? ನಿನ್ನ ಹೆಂಡ್ತಿಗೆ ಹೇಳು, ಎಳ್ಳು ಹುರದಿಡು ಅಂತ. ಹೋದ ವರ್ಷದಂಗ ಹಸೀದ ಹಾಕಿದ್ರ ನಾ ಸುಮ್ಮನ ಇರಾಕಿ ಅಲ್ಲ!"

ಫೋನ್ ಇಟ್ಟು ಸೆರಗಿನಿಂದ ಮೂಗು ಒರೆಸಿಕೊಂಡಳು. ನನ್ನ ಕಡೆ ನೋಡಿದಳು. "ನಮ್ಮದು ಗಟ್ಟಿ ಐತಿ. ಉಳಿದವರದು ಏನಾಗತೈತೋ ಆಗಲಿ, ಸುಳ್ಳಿನ ಮ್ಯಾಲ ಎಷ್ಟ ದಿವಸ ಕುಂದರಾಕ ಬರತೈತಿ? ಏಳು,  ಸೀರಿ ಉಡು. ಸಂಗವ್ವನ ಮನಿಗೆ ಹೋಗೂಣು."

"ಸಂಗವ್ವನಿಗೆ ಹೇಳಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ," ಎಂದೆ.

"ಗೊತ್ತಾಗಲಿ. ನಿನ್ನ ಬಾಯಿಂದ ಬಂದ್ರ ಪಾಠ ಕೇಳಿದಂಗ ಆಗತೈತಿ. ಆಕಿ ಹೇಳಿದ್ರ ಜನ ಕೇಳತಾರ."

ಗುಳೇದಗುಡ್ಡಕ್ಕೆ ಹೋದದ್ದು ಗುರುಪಾದನ ಬಸ್ಸಿನಲ್ಲೇ. ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ, ನಿಂಬೆವ್ವನನ್ನು ನೋಡಿದ, ಏನೂ ಕೇಳಲಿಲ್ಲ. ಸಂಗವ್ವ ಅಂಗಳದಲ್ಲಿ ಹೊರಸಿನ ಮೇಲೆ ಶಾವಿಗೆ ಒಣಹಾಕುತ್ತಿದ್ದಳು. ನಮ್ಮನ್ನು ಕಂಡು ಕುಂದರ್ರಿ ಎಂದಳು, ಆದರೆ ನೀರು ಕೊಡಲಿಲ್ಲ. ನಾನು ಯಂತ್ರದ ಕಥೆ ಶುರುಮಾಡಿದೆ. ಆಕೆ ಕೇಳಿಸಿಕೊಳ್ಳದವಳಂತೆ ಎಳೆ ಹರವುತ್ತಲೇ ಇದ್ದಳು. ಕಾರಹುಣ್ಣಿಮೆಯ ಮರುದಿನ ಬಾದಾಮಿ ಕಚೇರಿಯಲ್ಲಿ ಕರೆಂಟ್ ಹೋಗಿರಬೇಕು, ನಾನು ಮುಂದೆ, ನಿಮ್ಮ ಮಗ ನನ್ನ ಹಿಂದೆ ಇದ್ದಿರಬೇಕು ಎಂದಾಗ ಮಾತ್ರ ಆಕೆಯ ಕೈ ನಿಂತಿತು.

"ನನ್ನ ಮಗ ಹಿಂದಿರಲಿಲ್ಲ," ಎಂದಳು.

ಲೆಕ್ಕ ತಪ್ಪಿತೇ?

"ಮುಂದ ಇದ್ವಿ ನಾವು. ಹೊತ್ತು ಮುಣುಗಾಕ ಬಂದಿತ್ತು, ಸಾಲಿನ್ಯಾಗ ಉಳದವರು ನಾವಿಬ್ಬರ. ನನ್ನ ಹಿಂದ ಒಬ್ಬಾಕಿ. ಆಕಿ ಕೂಸು ಮುಂಜಾನಿಂದ ಒಂದ ಸವನ ಅಳಾಕತ್ತಿತ್ತು. ಕಚೇರಿ ಮಂದಿಗೆಲ್ಲ ತಲಿ ಚಿಟ್ಟ ಹಿಡದಿತ್ತು. ಇಂವ ನನ್ನ ಹೆಗಲ ಮ್ಯಾಲ ಮಲಗಿದ್ದ. ‘ನೀ ಮುಂದ ಹೋಗ ತಂಗಿ, ನನ್ನ ಮಗ ಮಲಗ್ಯಾನ’ ಅಂತ ನಾನ ಸಾಲು ಬಿಟ್ಟಕೊಟ್ಟೆ. ಆಕಿ ಕೂಸಿನ ಅಂಕಿ ತಗೀತಿದ್ರು, ಫಕ್ ಅಂತ ಕರೆಂಟ್ ಹೋತು." ಸಂಗವ್ವ ನನ್ನ ಮುಖವನ್ನೇ ನೋಡಿದಳು. "ನಿಮ್ಮವ್ವಗ ಗದ್ದದ ಮ್ಯಾಲ ಹಚ್ಚಿ ಇತ್ತೇನು? ಮೂರು ಚುಕ್ಕಿ?"

"ಇತ್ತು," ಎಂದೆ. ಅವ್ವನ ಗದ್ದದ ಆ ಚುಕ್ಕಿಗಳನ್ನು ನಾನು ನೆನೆದು ವರ್ಷಗಳಾಗಿದ್ದವು.

ಗುರುಪಾದ ಬಸ್ಸು ಬಿಟ್ಟು ಬಾಗಿಲಿಗೆ ಬಂದು ನಿಂತಿದ್ದ. ಸಂಗವ್ವ ಮನಸ್ಸಿನಲ್ಲೇ ಏನೋ ಕೂಡಿಸಿ ಕಳೆಯುತ್ತಿದ್ದಳು. ಆಕೆ ಸಾಲು ಬಿಡದಿದ್ದರೆ ಯಂತ್ರ ನಿಂತದ್ದು ಯಾರ ಸರದಿಯಲ್ಲಿ ಎಂಬುದು ಆಕೆಗೆ ನನಗಿಂತ ಮೊದಲೇ ತಿಳಿಯಿತು.

"ಅಂದ್ರ ಆ ಒಂಟಿ ಅಂಕಿ ಇಂವಂದು," ಎಂದಳು. "ನನ್ನ ಮಗನ ಪಾಲಿಗೆ ಬರಬೇಕಾದ್ದು. ಅದನ್ನ ನಾ ನಿನ್ನ ತೆಲಿಗೆ ಕಟ್ಟಿದೆ. ಕಟ್ಟಿ, ಮ್ಯಾಲ ಬಂದು ನಿನ್ನ ಮಾರಿ ಮ್ಯಾಲ ಅಂದೆ, ತಂದಿ-ತಾಯಿ ಇಲ್ಲದ್ದು ಅಂತ."

"ಹೋಗಲಿ ಬಿಡ್ರಿ ಅತ್ತಿ," ಎಂದೆ. ಅತ್ತಿ ಎಂಬುದು ಹೇಗೆ ಬಾಯಿಂದ ಬಿತ್ತೋ ಗೊತ್ತಿಲ್ಲ.

ಸಂಗವ್ವ ಎದ್ದು ಬಂದು, ಹಿಟ್ಟಿನ ಕೈಯಿಂದಲೇ ನನ್ನ ಗದ್ದ ಹಿಡಿದು ಎತ್ತಿದಳು. ಆಮೇಲೆ ಬಾಗಿಲಲ್ಲಿದ್ದ ಮಗನ ಕಡೆ ಕೈ ತೋರಿಸಿದಳು.

"ಇಷ್ಟು ವರ್ಷ ಇವನ ಅಂಕಿ ಹೊತ್ತಿ. ಇನ್ನ ಇವನ್ನೂ ನೀನ ಹೊತ್ತುಕೊಳ್ಳವಾ, ನನಗೂ ಸಾಕಾಗೈತಿ."

ನಿಂಬೆವ್ವ ಗೊಳ್ಳೆಂದು ನಕ್ಕಳು. ನಾನು ಆ ಶಾವಿಗೆ ಹೊರಸಿನ ಪಕ್ಕ ಕುಸಿದು ಕೂತು, ಅಂದು ಸಾಲಿನಲ್ಲಿ ಅತ್ತದ್ದಕ್ಕಿಂತಲೂ ಜೋರಾಗಿ ಅತ್ತೆ.